ಬೆಳೆ ವಿಮೆಯ ಕ್ಲೇಮು ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಸೇರಲಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಬಿ.ಎಸ್ಸಿ. ಕೃಷಿ ಮುಗಿಸಿದ್ದೇನೆ. ಒಂದು ವಿಮಾ ಕಂಪನಿಯಲ್ಲಿ ಬೆಳೆ ವಿಮೆಯ ಕ್ಲೇಮು ಪರಿಶೀಲಿಸುವ ಕೆಲಸ ಸಿಕ್ಕಿದೆ. ನಮ್ಮಪ್ಪ ಗೋವಿನಜೋಳ, ಹತ್ತಿ ಬೆಳೆಯುತ್ತಾರೆ, ಅವರೂ ವಿಮೆ ಕಟ್ಟುತ್ತಾರೆ. ಊರಿನಲ್ಲಿ ಮಾತ್ರ ‘ರೈತರ ದುಡ್ಡು ತಡೆಯೋ ಕೆಲಸಕ್ಕೆ ಹೋಗ್ತೀಯಾ?’ ಅಂತ ಕೇಳುತ್ತಿದ್ದಾರೆ. ಈ ಕೆಲಸದಲ್ಲಿ ನಿಜವಾಗಿ ಏನಿರುತ್ತದೆ? ಯಾರಿಗೆ ಹಣ ಕೊಡಬೇಕು, ಯಾರಿಗೆ ಬೇಡ ಅಂತ ನಾನೇ ತೀರ್ಮಾನಿಸಬೇಕಾಗುತ್ತದಾ? ಸೇರಲಾ, ಬೇಡವಾ?

ಉತ್ತರ: ಸೇರಿ. ಆದರೆ ಕೆಲಸ ಎಂಥದ್ದು ಅಂತ ತಿಳಿದುಕೊಂಡು ಸೇರಿ. ನಾನು ಬಹಳ ವರ್ಷ ಬೆಳೆ ವಿಮೆ ಕ್ಲೇಮುಗಳ ನಡುವೆಯೇ ದುಡಿದವನು. ಈ ಮೇಜಿನ ಮುಂದೆ ಹೊಲ ಗೊತ್ತಿರುವವರು ಕೂರಬೇಕು ಅನ್ನುವುದು ನನ್ನ ಆಸೆ. ಹೆಸರುಕಾಳು ಎಷ್ಟು ದಿನದ ಬೆಳೆ ಅಂತ ಗೊತ್ತಿಲ್ಲದವರ ಕೈಗೆ ಹೆಸರುಕಾಳಿನ ಕ್ಲೇಮು ಹೋದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಊರಿನವರ ಮಾತು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರವರೆಗೆ. ಪ್ರೀಮಿಯಂನ ಉಳಿದ ಪಾಲನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರ ತುಂಬುತ್ತವೆ. ಹಾಗಾಗಿ ನೀವು ನೋಡಿಕೊಳ್ಳುವುದು ಕಂಪನಿಯ ಹಣ ಮಾತ್ರ ಅಲ್ಲ, ಜನರ ತೆರಿಗೆ ಹಣ ಕೂಡ. ಅದು ಸೇರಬೇಕಾದವರಿಗೆ ಸೇರದಿದ್ದರೂ ತಪ್ಪು, ಸೇರಬಾರದವರಿಗೆ ಸೇರಿದರೂ ತಪ್ಪು. ಇವೆರಡರಲ್ಲಿ ಮೊದಲನೆಯ ತಪ್ಪು ದೊಡ್ಡದು ಅಂತ ನಾನು ನಂಬಿದ್ದೇನೆ. ಯಾಕೆಂದರೆ ಅದರ ಭಾರ ಬೀಳುವುದು ಆಗಲೇ ಬೆಳೆ ಕಳೆದುಕೊಂಡವರ ಮೇಲೆ.

ಈಗ ನೀವೇ ತೀರ್ಮಾನಿಸಬೇಕಾ ಅನ್ನುವ ಪ್ರಶ್ನೆಗೆ ಬರೋಣ. ಬಹಳಷ್ಟು ಕ್ಲೇಮುಗಳಲ್ಲಿ ಯಾರೂ ತೀರ್ಮಾನಿಸುವುದಿಲ್ಲ, ಲೆಕ್ಕವೇ ತೀರ್ಮಾನಿಸುತ್ತದೆ. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಒಂದು ವಿಮಾ ಘಟಕ, ಉಳಿದ ಬೆಳೆಗಳಿಗೆ ಹೋಬಳಿ. ಆ ಘಟಕದ ಸರಾಸರಿ ಇಳುವರಿ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ ಅಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಆ ಮಟ್ಟಕ್ಕೆ ಆಫೀಸಿನಲ್ಲಿ ಥ್ರೆಶೋಲ್ಡ್ ಇಳುವರಿ ಅನ್ನುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷಗಳ ಸರಾಸರಿ ತೆಗೆದು, ಅದನ್ನು ಆ ಬೆಳೆಗೆ ನಿಗದಿಯಾದ ಶೇ. 70, 80 ಅಥವಾ 90ಕ್ಕೆ ಇಳಿಸಿದರೆ ಸಿಗುವ ಅಂಕಿ ಅದು.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು. ಒಂದು ಪಂಚಾಯಿತಿಯಲ್ಲಿ ಗೋವಿನಜೋಳದ 7 ವರ್ಷದ ಇಳುವರಿ ಹೆಕ್ಟೇರಿಗೆ 3100, 1200, 2900, 3400, 2800, 900, 2800 ಕಿಲೋ ಅಂತ ಇಟ್ಟುಕೊಳ್ಳಿ. 1200 ಮತ್ತು 900 ಬಿಟ್ಟು ಉಳಿದ ಐದರ ಸರಾಸರಿ 3000. ಶೇ. 80 ಅಂದರೆ 2400. ಈ ವರ್ಷ ಬಂದದ್ದು 1800 ಕಿಲೋ. ಕೊರತೆ 600, ಅಂದರೆ 2400ರಲ್ಲಿ ಶೇ. 25. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿ ಇದ್ದರೆ ಸಿಗುವುದು 12,500. ಅಷ್ಟೇ ಸೂತ್ರ.

ಹಾಗಾದರೆ ನಿಮಗೆ ಕೆಲಸ ಎಲ್ಲಿದೆ? ಆ 1800 ಎಲ್ಲಿಂದ ಬಂತು ಅನ್ನುವುದರಲ್ಲಿದೆ.

ಅದು ಬರುವುದು ಬೆಳೆ ಕಟಾವು ಪ್ರಯೋಗದಿಂದ. ಪಂಚಾಯಿತಿಗೆ ಒಂದು ಮುಖ್ಯ ಬೆಳೆಗೆ ಸಾಮಾನ್ಯವಾಗಿ 4 ಪ್ರಯೋಗ. ಹೊಲವನ್ನು ಯಾರೂ ಇಷ್ಟಪಟ್ಟು ಆರಿಸುವ ಹಾಗಿಲ್ಲ, ಸರ್ವೆ ನಂಬರ್ ಯಾದೃಚ್ಛಿಕವಾಗಿ ಬರುತ್ತದೆ. ಹೊಲದೊಳಗೆ ಹೆಚ್ಚಿನ ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತು ಹಾಕಿ, ಕೊಯ್ದು, ಬಿಡಿಸಿ, ತೂಗುತ್ತಾರೆ. ಆ ಚೌಕ 25 ಚದರ ಮೀಟರ್. ಹೆಕ್ಟೇರು ಅದರ 400 ಪಟ್ಟು. ಅಂದರೆ ತೂಕದಲ್ಲಿ 1 ಕಿಲೋ ಹೆಚ್ಚುಕಡಿಮೆ ಆದರೆ ಆ ಹೊಲದ ಇಳುವರಿ ಹೆಕ್ಟೇರಿಗೆ 400 ಕಿಲೋ ಬದಲಾಗುತ್ತದೆ. ನಾಲ್ಕು ಪ್ರಯೋಗಗಳ ಸರಾಸರಿಯಲ್ಲಿ 100 ಕಿಲೋ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ, ಇಡೀ ಪಂಚಾಯಿತಿಯ ಪ್ರತಿ ರೈತನಿಗೆ ಹೆಕ್ಟೇರಿಗೆ 2,000 ರೂಪಾಯಿಗೂ ಸ್ವಲ್ಪ ಜಾಸ್ತಿ ವ್ಯತ್ಯಾಸ. ತೂಕದ ಮುಳ್ಳು ಸರಿ ಇದೆಯಾ, ಹಗ್ಗ ಸರಿಯಾಗಿ ಎಳೆದಿದ್ದಾರಾ, ತೆನೆ ಹಸಿ ಇದ್ದಾಗ ತೂಗಿ ಒಣಗಿದ ಮೇಲಿನ ತೂಕ ತೆಗೆದುಕೊಂಡಿದ್ದಾರಾ? ಇವೆಲ್ಲ ಸಣ್ಣ ವಿಷಯ ಅಲ್ಲವೇ ಅಲ್ಲ.

ಪ್ರಯೋಗ ಮಾಡುವವರು ಸರ್ಕಾರದ ಸಿಬ್ಬಂದಿ. ವಿಮಾ ಕಂಪನಿಯವರು ಜೊತೆಗಿದ್ದು ನೋಡಬಹುದು. ಸ್ಥಳದ ಗುರುತಿನ ಸಮೇತ ಫೋಟೋ, ವಿಡಿಯೊ ಮೊಬೈಲ್ ಆ್ಯಪ್‌ನಲ್ಲಿ ಏರುತ್ತವೆ. ಕಂಪನಿಗೆ ಇಳುವರಿ ತೀರಾ ಕಡಿಮೆ ತೋರಿಸಿದ್ದಾರೆ ಅನ್ನಿಸಿದರೆ ಆಕ್ಷೇಪ ಎತ್ತಬಹುದು. ಆ ಆಕ್ಷೇಪದ ಕರಡು ಬರೆಯುವುದು ನಿಮ್ಮಂಥವರ ಪಾಲಿಗೆ ಬರುತ್ತದೆ. ಇಲ್ಲಿ ನನ್ನ ಸಲಹೆ ಸ್ಪಷ್ಟ. ಫೋಟೋದಲ್ಲಿ ತಪ್ಪು ಕಂಡರೆ ಬರೆಯಿರಿ. ಪಕ್ಕದ ಪಂಚಾಯಿತಿಯಲ್ಲಿ ಜಾಸ್ತಿ ಬಂದಿದೆ, ಇಲ್ಲಿ ಯಾಕೆ ಕಡಿಮೆ ಅನ್ನುವುದೊಂದೇ ಕಾರಣಕ್ಕೆ ಬರೆಯಬೇಡಿ. ಒಂದು ಪಂಚಾಯಿತಿ ಎರೆ ಭೂಮಿ, ಪಕ್ಕದ್ದು ಮಸಾರಿ ಇದ್ದರೆ ಒಂದೇ ಮಳೆಗೆ ಎರಡು ಥರ ಬೆಳೆ ಬರುತ್ತದೆ ಅಂತ ನಿಮಗೆ ಮನೆಯಲ್ಲೇ ಗೊತ್ತಿದೆ. ಒಂದು ಆಕ್ಷೇಪದಿಂದ ಸಾವಿರಾರು ಜನರ ಹಣ ತಿಂಗಳುಗಟ್ಟಲೆ ನಿಂತುಬಿಡಬಹುದು. ಈಗ ಭತ್ತ, ಗೋಧಿಗೆ ಉಪಗ್ರಹ ಮತ್ತು ಇತರ ತಂತ್ರಜ್ಞಾನದ ಇಳುವರಿ ಅಂದಾಜನ್ನೂ ಸೇರಿಸಿಕೊಳ್ಳುವ ಪದ್ಧತಿ 2023ರ ಮುಂಗಾರಿನಿಂದ ಬಂದಿದೆ. ಒಳ್ಳೆಯದೇ. ಆದರೂ ಹೊಲಕ್ಕೆ ಹೋಗಿ ನೋಡುವುದು ತಪ್ಪಿಲ್ಲ.

ಎರಡನೆಯದು ಒಬ್ಬೊಬ್ಬ ರೈತರೇ ದೂರು ಕೊಟ್ಟು ಬರುವ ಕ್ಲೇಮು. ಆಲಿಕಲ್ಲು ಮಳೆ, ಭೂಕುಸಿತ, ಮೇಘಸ್ಫೋಟ, ಹೊಲದಲ್ಲಿ ನೀರು ನಿಲ್ಲುವುದು, ಸಿಡಿಲಿನಿಂದ ಹತ್ತಿದ ಬೆಂಕಿ ಇಂಥವಕ್ಕೆ ಇದು ಅನ್ವಯ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕರೂ ಕೊಯ್ಲಾದ 14 ದಿನದವರೆಗೆ ರಕ್ಷಣೆ ಉಂಟು. ಕಣದಲ್ಲಿ ರಾಶಿ ಮಾಡಿದ ಕಾಳಿಗೆ, ಮಾರುಕಟ್ಟೆಗೆ ಹೊರಟ ಚೀಲಕ್ಕೆ ಇಲ್ಲ. ಎಲ್ಲದಕ್ಕೂ 72 ಗಂಟೆಯೊಳಗೆ ತಿಳಿಸಬೇಕು. ಆ್ಯಪ್‌ನಲ್ಲಿ, 14447ಕ್ಕೆ ಫೋನ್ ಮಾಡಿ, ಬ್ಯಾಂಕಿನಲ್ಲಿ ಅಥವಾ ಕೃಷಿ ಇಲಾಖೆಯಲ್ಲಿ, ಎಲ್ಲಿ ಹೇಳಿದರೂ ನಡೆಯುತ್ತದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ. ರೈತ ಸಂಪರ್ಕ ಕೇಂದ್ರದಲ್ಲಿ ಎರಡನೇ ದಿನ ಬರೆದುಕೊಟ್ಟ ಅರ್ಜಿ ಕಂಪನಿಯ ಕಂಪ್ಯೂಟರಿಗೆ ಏರಿದ್ದು ಐದನೇ ದಿನ ಆಗಿದ್ದರೆ, ತಡ ಮಾಡಿದ್ದು ರೈತರಲ್ಲ. ಅರ್ಜಿಯ ಮೇಲಿನ ಸ್ವೀಕೃತಿ ಸೀಲು ಹುಡುಕಿ. ತಾರೀಖು ಅಲ್ಲಿರುತ್ತದೆ.

ದೂರು ಬಂದ ಮೇಲೆ ಕಂಪನಿ 48 ಗಂಟೆಯೊಳಗೆ ನಷ್ಟ ಅಂದಾಜುಗಾರರನ್ನು ನೇಮಿಸಬೇಕು. ಅವರು, ಕೃಷಿ ಇಲಾಖೆಯವರು, ರೈತರು ಸೇರಿ ಹೊಲ ನೋಡುತ್ತಾರೆ. ನಷ್ಟದ ಶೇಕಡಾವಾರು ಬರೆಯುತ್ತಾರೆ. ನಿಮ್ಮ ಕೈಗೆ ಬರುವುದು ಆ ವರದಿ, ಕೆಲವು ಫೋಟೋ, ಮೂರು ಸಹಿ. ವರದಿಯಲ್ಲಿ ‘ಅತಿವೃಷ್ಟಿ’ ಅಂತ ಒಂದೇ ಪದ ಇದ್ದರೆ ಸಾಕಾಗುವುದಿಲ್ಲ. ನೀರು ನಿಂತಿತ್ತಾ, ಎಷ್ಟು ದಿನ, ಬೆಳೆ ಆಗ ಯಾವ ಹಂತದಲ್ಲಿತ್ತು? ಎರೆ ಹೊಲದಲ್ಲಿ ಮೊಣಕಾಲುದ್ದದ ಗೋವಿನಜೋಳ ನೀರು ನಿಂತು ಹಳದಿಯಾಗುವುದಕ್ಕೂ, ಗೊಬ್ಬರ ಕೊಡದೆ ಹಳದಿಯಾಗುವುದಕ್ಕೂ ವ್ಯತ್ಯಾಸ ಇದೆ. ಕೃಷಿ ಓದಿದವರಿಗೆ ಅದು ಫೋಟೋದಲ್ಲೇ ಎಷ್ಟೋ ಸಲ ಕಾಣುತ್ತದೆ. ವರದಿ ಅರೆಬರೆ ಇದ್ದರೆ ಅಂದಾಜುಗಾರರಿಗೆ ಫೋನ್ ಮಾಡಿ ಕೇಳಿ. ಅವರ ವರದಿ ಅರೆಬರೆ ಇದೆ ಅಂತ ರೈತರ ಕ್ಲೇಮು ವಾಪಸ್ ಕಳಿಸಬೇಡಿ.

ಇಲ್ಲಿಯೇ ಒಂದು ಕಷ್ಟದ ಮಾತು. ಕೀಟ, ರೋಗಕ್ಕೆ ಬೆಳೆ ಹೋದರೆ ಒಬ್ಬ ರೈತರ ದೂರಿನ ಮೇಲೆ ಕೊಡಲು ಬರುವುದಿಲ್ಲ. ಅದು ಇಡೀ ಘಟಕದ ಸರಾಸರಿಯಲ್ಲಿ ಕಂಡರೆ ಮಾತ್ರ. 2022ರಲ್ಲಿ ಕಲಬುರಗಿ ಕಡೆ ತೊಗರಿಗೆ ನೆಟೆ ರೋಗ ಬಂದಾಗ ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು. ಅಷ್ಟು ವ್ಯಾಪಕವಾಗಿದ್ದರೆ ಅದು ಸರಾಸರಿಯಲ್ಲಿ ಕಾಣುತ್ತದೆ. ಆದರೆ ಊರಿನಲ್ಲಿ ನಾಲ್ಕು ಜನರ ತೊಗರಿ ಮಾತ್ರ ಹೋಗಿ ಉಳಿದವರದ್ದು ಚೆನ್ನಾಗಿದ್ದರೆ ಆ ನಾಲ್ವರಿಗೆ ಏನೂ ಸಿಗುವುದಿಲ್ಲ. ಅವರ ನಷ್ಟ ಸುಳ್ಳಲ್ಲ, ಯೋಜನೆ ಇರುವುದೇ ಹಾಗೆ. ಅವರು ಆಫೀಸಿಗೆ ಬಂದರೆ ಕೂರಿಸಿ ಇದನ್ನು ವಿವರಿಸಿ. ‘ನಿಮ್ಮ ಕ್ಲೇಮು ಆಗಲ್ಲ’ ಅಂತ ಕಳಿಸಿದರೆ ತಮಗೆ ಯಾರೋ ಮೋಸ ಮಾಡಿದರು ಅಂತಲೇ ಅವರು ಹೊರಡುತ್ತಾರೆ.

ಇನ್ನು ಮೂರನೆಯದು. ನನ್ನ ಪ್ರಕಾರ ಈ ಕೆಲಸದ ತಿರುಳು ಇರುವುದು ಇಲ್ಲೇ: ಬೆಳೆ ತಾಳೆಯಾಗದ ಪ್ರಸ್ತಾವನೆಗಳು, ಅಂದರೆ ವಿಮೆಯ ಅರ್ಜಿಗಳು. ಆಫೀಸಿನಲ್ಲಿ ಎಲ್ಲರೂ ಮಿಸ್‌ಮ್ಯಾಚ್ ಅನ್ನುತ್ತಾರೆ.

ಕರ್ನಾಟಕದಲ್ಲಿ ಬೆಳೆ ವಿಮೆಯ ನೋಂದಣಿ ನಡೆಯುವುದು ಸಂರಕ್ಷಣೆ ಪೋರ್ಟಲ್‌ನಲ್ಲಿ. ಅತ್ತ ಪ್ರತಿ ಹಂಗಾಮಿನಲ್ಲೂ ಸರ್ವೆ ನಂಬರ್‌ವಾರು ಬೆಳೆ ಸಮೀಕ್ಷೆ ನಡೆಯುತ್ತದೆ, ಹೊಲದಲ್ಲಿ ನಿಂತು ಫೋಟೋ ತೆಗೆದು ಏರಿಸುತ್ತಾರೆ. ರೈತರೇ ತಮ್ಮ ಮೊಬೈಲಿನಲ್ಲಿ ಮಾಡಬಹುದು, ಇಲ್ಲದಿದ್ದರೆ ಸಮೀಕ್ಷೆಗೆ ಅಂತ ಊರಿನಲ್ಲಿ ನೇಮಿಸಿದವರು (ಅವರಿಗೆ ಖಾಸಗಿ ನಿವಾಸಿ ಅನ್ನುತ್ತಾರೆ) ಮಾಡುತ್ತಾರೆ. ವಿಮೆ ಮಾಡಿಸಿದ್ದು ಒಂದು ಬೆಳೆ, ಸಮೀಕ್ಷೆಯಲ್ಲಿ ಬಂದದ್ದು ಇನ್ನೊಂದು ಬೆಳೆ ಆದರೆ ಆ ಪ್ರಸ್ತಾವನೆ ತಿರಸ್ಕೃತವಾಗುತ್ತದೆ. ಈ ತಾಳೆ ಬೇಕೇ ಬೇಕು. ಬೆಳೆಯದ ಬೆಳೆಗೆ ವಿಮೆ ಮಾಡಿಸುವುದು, ಬೇರೆಯವರ ಪಹಣಿಗೆ ತಮ್ಮ ಬ್ಯಾಂಕ್ ಖಾತೆ ಜೋಡಿಸುವುದು, ಇವು ನಡೆಯುತ್ತವೆ. ಅದು ಕಳ್ಳತನ. ತಡೆಯುವುದು ನಿಮ್ಮ ಕರ್ತವ್ಯ.

ಆದರೆ ತಾಳೆಯಾಗದ್ದೆಲ್ಲ ಕಳ್ಳತನ ಅಲ್ಲ. ಗದಗ, ಧಾರವಾಡ ಕಡೆ ಹೆಸರು ನೋಡಿ. ಜೂನ್‌ನಲ್ಲಿ ಬಿತ್ತಿದರೆ ಆಗಸ್ಟ್ ಕೊನೆಗೆ ಹೊಲ ಖಾಲಿ. ಆಮೇಲೆ ಅದೇ ಹೊಲದಲ್ಲಿ ಹಿಂಗಾರು ಜೋಳವೋ ಕಡಲೆಯೋ. ಸಮೀಕ್ಷೆ ಮಾಡುವವರು ಸೆಪ್ಟೆಂಬರ್‌ನಲ್ಲಿ ಹೋದರೆ ಅವರಿಗೆ ಕಾಣುವುದು ಖಾಲಿ ಹೊಲ. ಪಾಳು ಅಂತ ಬರೆದುಕೊಂಡು ಬರುತ್ತಾರೆ. ಕಂಪ್ಯೂಟರು ಹೆಸರಿನ ವಿಮೆಯನ್ನು ತಿರಸ್ಕರಿಸುತ್ತದೆ. ಫೋಟೋದ ತಾರೀಖು ನೋಡಿದರೆ ಒಂದೇ ನಿಮಿಷದಲ್ಲಿ ಬಯಲಾಗುವ ತಪ್ಪು ಇದು. ಆದರೆ ನೋಡಬೇಕಾದವರಿಗೆ ಹೆಸರು ಎಷ್ಟು ದಿನದ ಬೆಳೆ ಅಂತ ಗೊತ್ತಿರಬೇಕಲ್ವಾ? ಹಾಗೆಯೇ ತೊಗರಿ ಸಾಲಿನ ನಡುವೆ ಹೆಸರೋ ಉದ್ದೋ ಹಾಕಿದ ಮಿಶ್ರ ಬೆಳೆ. ಫೋಟೋ ತೆಗೆದವರು ಎದುರಿಗೆ ಕಂಡ ಒಂದನ್ನು ಬರೆದಿರುತ್ತಾರೆ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಭಾಗ ಇದ್ದು, ಅಣ್ಣನ ಹತ್ತಿ ತಮ್ಮನ ಗೋವಿನಜೋಳದ ಲೆಕ್ಕಕ್ಕೆ ಹೋಗಿರುತ್ತದೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತದೆ. ಹೊಲ ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವರ ಹತ್ತಿರ ಕರಾರು ಪತ್ರ ಇರುವುದಿಲ್ಲ. ಯೋಜನೆ ಅವರನ್ನು ಹೊರಗಿಟ್ಟಿಲ್ಲ, ಕಾಗದ ಹೊರಗಿಡುತ್ತದೆ.

ತಿರಸ್ಕೃತರ ಪಟ್ಟಿ ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿಗಳಲ್ಲಿ ಹಾಕಿ ಆಕ್ಷೇಪಣೆ ಕರೆಯುವ ಪದ್ಧತಿ ಇದೆ. ವಿಮೆ ಮಾಡಿಸಿದ ಬೆಳೆ ನಮೂದಾದ ಆ ವರ್ಷದ ಪಹಣಿ, ಬೆಂಬಲ ಬೆಲೆಗೆ ಮಾರಿದ ರಶೀದಿ, ಎಪಿಎಂಸಿಯಲ್ಲಿ ಮಾರಿದ ರಶೀದಿ ಇಂಥವನ್ನು ಕೇಳುತ್ತಾರೆ. ಈಗ ಯೋಚಿಸಿ. ಬೆಳೆಯೇ ಹೋದವರ ಹತ್ತಿರ ಮಾರಿದ ರಶೀದಿ ಎಲ್ಲಿಂದ ಬರಬೇಕು? ಇಂಥ ಕಡೆ ಬೀಜ ಕೊಂಡ ಬಿಲ್ಲು, ಅಕ್ಕಪಕ್ಕದ ಸರ್ವೆ ನಂಬರುಗಳ ಸಮೀಕ್ಷೆ, ಹಿಂದಿನ ವರ್ಷಗಳ ಬೆಳೆ, ಸಮೀಕ್ಷೆಯ ಮೂಲ ಫೋಟೋ ಇವನ್ನೆಲ್ಲ ಒಟ್ಟಿಗೆ ಇಟ್ಟು ಕೃಷಿ ಇಲಾಖೆಯವರಿಗೆ ಮರುಪರಿಶೀಲನೆಗೆ ಕಳಿಸಿ. ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ. ಕಡ್ಡಾಯವೂ ಇಲ್ಲ. ಮಾಡುವುದು ಬಿಡುವುದು ಆ ಮೇಜಿನಲ್ಲಿ ಕೂತವರ ಮನಸ್ಸು. ನಿಮ್ಮ ಕೈಯಲ್ಲಿ ನಿಜವಾದ ಅಧಿಕಾರ ಇರುವುದು ಇಷ್ಟೇ, ಆದರೆ ಇದು ಸಣ್ಣದಲ್ಲ. ದಾಖಲೆಯಲ್ಲಿ ತಪ್ಪು ಕಂಡಾಗ ಅದು ಯಾರ ತಪ್ಪು ಅಂತ ಹುಡುಕುವವರು ಬೇರೆ, ತಪ್ಪು ಸಿಕ್ಕಿತು ಅಂತ ಫೈಲು ಮುಚ್ಚುವವರು ಬೇರೆ.

ಹಣ ಮಂಜೂರಾದ ಮೇಲೂ ನಿಲ್ಲುವುದು ಉಂಟು. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಹೆಸರಿನ ಅಕ್ಷರ ಬೇರೆ, ಬ್ಯಾಂಕ್ ವಿಲೀನವಾಗಿ ಹಳೆಯ ಕೋಡ್ ಹೋಗಿದೆ. ಇವು ಬೇಸರದ ಕೆಲಸ, ಆದರೆ ಒಂದು ಫೋನ್ ಕರೆಗೆ ಬಗೆಹರಿಯುತ್ತವೆ. ಇಳುವರಿ ಮಾಹಿತಿ ಸಿಕ್ಕ 3 ವಾರದಲ್ಲಿ ಕ್ಲೇಮು ಇತ್ಯರ್ಥವಾಗಬೇಕು, ತಡವಾದರೆ ಶೇ. 12ರ ಬಡ್ಡಿ ಸೇರಿಸಬೇಕು ಅಂತ ಯೋಜನೆಯೇ ಹೇಳುತ್ತದೆ. ತಡಕ್ಕೆ ಕಾರಣ ಕೆಲವೊಮ್ಮೆ ಸರ್ಕಾರದ ಪ್ರೀಮಿಯಂ ಪಾಲು ಬಾರದಿರುವುದು. ರೈತರು ಕೇಳಿದರೆ ಇರುವ ಕಾರಣವನ್ನೇ ಹೇಳಿ.

ನಿಮ್ಮ ಊರಿನವರು ಎರಡು ವಿಷಯ ಬೆರೆಸುತ್ತಾರೆ, ಅದನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಬೆಳೆ ವಿಮೆ ಬೇರೆ, ಬೆಳೆ ಪರಿಹಾರ ಬೇರೆ. ಪರಿಹಾರ ಬರುವುದು ವಿಪತ್ತು ನಿಧಿಯಿಂದ, ಕಂದಾಯ ಇಲಾಖೆಯ ಮೂಲಕ. ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಹಾನಿಯಾಗಿರಬೇಕು. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡದಲ್ಲಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ವಿಮೆ ಮಾಡಿಸದವರಿಗೂ ಸಿಗುತ್ತದೆ. ಅದು ಬಂತು ಅಂತ ವಿಮೆಯೂ ಬರಲೇಬೇಕು ಅಂತಿಲ್ಲ, ಒಂದು ಬಂದರೆ ಇನ್ನೊಂದು ಹೋಗುವುದೂ ಇಲ್ಲ. ಅಡಿಕೆ, ಕಾಳುಮೆಣಸು, ಮಾವಿನಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯಂತೂ ಪೂರ್ತಿ ಬೇರೆ. ಅಲ್ಲಿ ಇಳುವರಿಯನ್ನು ಅಳೆಯುವುದೇ ಇಲ್ಲ. ಮಳೆ, ತಾಪಮಾನದ ಅಂಕಿಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ. ಹಾಗಾಗಿ ಆ ವಿಭಾಗಕ್ಕೆ ಹೋದರೆ ಮೊದಲು ಕೇಳಬೇಕಾದ್ದು ಮಳೆಮಾಪಕ ಎಲ್ಲಿದೆ, ಆ ದಿನಗಳಲ್ಲಿ ಅದು ಕೆಲಸ ಮಾಡುತ್ತಿತ್ತಾ ಅಂತ.

ಒತ್ತಡ ಬರುತ್ತದೆ, ಎರಡೂ ಕಡೆಯಿಂದ. ಊರಿನ ಮುಖಂಡರು ಫೋನ್ ಮಾಡುತ್ತಾರೆ. ಆಫೀಸಿನ ಒಳಗೂ ಈ ತಾಲ್ಲೂಕಿನಲ್ಲಿ ಕ್ಲೇಮು ಜಾಸ್ತಿಯಾಯಿತು, ಇನ್ನೊಮ್ಮೆ ನೋಡಿ ಅನ್ನುವ ಮಾತು ಬರಬಹುದು. ಇನ್ನೊಮ್ಮೆ ನೋಡಿ. ನೋಡಿದ್ದನ್ನು ಬರೆದಿಡಿ. ಬಾಯಿಮಾತಿನಲ್ಲಿ ಬಂದ ಸೂಚನೆಗೆ ಫೈಲಿನಲ್ಲಿ ಕಾರಣ ಹುಟ್ಟಿಸಬೇಡಿ. ಅಪ್ಪನ ಹೊಲದ ಕ್ಲೇಮಿನ ವಿಷಯದಲ್ಲಿ ಸೇರುವಾಗಲೇ ಲಿಖಿತವಾಗಿ ತಿಳಿಸಿ, ನಿಮ್ಮ ಪಂಚಾಯಿತಿಯ ಫೈಲುಗಳನ್ನು ಬೇರೆಯವರಿಗೆ ಕೊಡಲು ಕೇಳಿಕೊಳ್ಳಿ. ಹತ್ತಿರದ ಸಂಬಂಧಿಕರು ಇರುವ ಊರುಗಳನ್ನೂ ಸೇರಿಸಿ. ಇದರಿಂದ ನಿಮ್ಮಪ್ಪನಿಗೂ ಒಳ್ಳೆಯದು. ಅವರ ಹಣ ಬಂದಾಗ ಯಾರೂ ಬೆರಳು ತೋರಿಸುವ ಹಾಗಿರಬಾರದು.

ತಿರಸ್ಕಾರದ ಪತ್ರ ಬರೆಯುವುದನ್ನು ಚೆನ್ನಾಗಿ ಕಲಿಯಿರಿ. ‘ನಿಯಮಾನುಸಾರ ತಿರಸ್ಕರಿಸಲಾಗಿದೆ’ ಅನ್ನುವ ಸಾಲು ಯಾರಿಗೂ ಏನೂ ತಿಳಿಸುವುದಿಲ್ಲ. ಯಾವ ಸರ್ವೆ ನಂಬರ್, ಸಮೀಕ್ಷೆಯಲ್ಲಿ ಯಾವ ಬೆಳೆ ಬಂದಿದೆ, ಫೋಟೋ ಯಾವ ದಿನದ್ದು, ಯಾವ ದಾಖಲೆ ತಂದರೆ ಮತ್ತೆ ನೋಡುತ್ತಾರೆ, ಎಷ್ಟು ದಿನದೊಳಗೆ, ಯಾವ ಕಚೇರಿಗೆ. ಅಲ್ಲೂ ಆಗದಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಕುಂದುಕೊರತೆ ಸಮಿತಿ, ಅದರ ಮೇಲೆ ರಾಜ್ಯ ಸಮಿತಿ ಇದೆ ಅಂತಲೂ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಬರೆಯಲು ಕೂತಾಗ ಕಾರಣ ಸಲೀಸಾಗಿ ಬರಲಿಲ್ಲ ಅಂದರೆ ಆ ತೀರ್ಮಾನವನ್ನೇ ಮತ್ತೊಮ್ಮೆ ನೋಡಬೇಕು ಅಂತ ತಿಳಿಯಿರಿ.

ಸೇರಿದ ಮೇಲೆ ಮೊದಲ ಹಂಗಾಮಿನಲ್ಲಿ ಎರಡು ಕೆಲಸ ಮಾಡಿ. ಕಟಾವು ಪ್ರಯೋಗ ನಡೆಯುವಾಗ ಹೊಲಕ್ಕೆ ಹೋಗಿ, ಹಗ್ಗ ಹಿಡಿಯುವುದರಿಂದ ತೂಕದವರೆಗೆ ಪೂರ್ತಿ ನಿಂತು ನೋಡಿ. ಇನ್ನೊಂದು, ಆ ಹಂಗಾಮಿನ ಸರ್ಕಾರಿ ಆದೇಶದ ಪ್ರತಿ ತರಿಸಿಕೊಂಡು ಓದಿ. ಯಾವ ಪಂಚಾಯಿತಿಗೆ ಯಾವ ಬೆಳೆ, ವಿಮಾ ಮೊತ್ತ ಎಷ್ಟು, ನೋಂದಣಿಗೆ ಕೊನೆಯ ದಿನ ಯಾವುದು ಎಲ್ಲ ಅದರಲ್ಲಿರುತ್ತದೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ರೈತರು ಫೋನ್ ಮಾಡಿ ಕೇಳಿದಾಗ ಹಿಂದಿನ ವರ್ಷದ್ದನ್ನು ನೆನಪಿನಿಂದ ಹೇಳದೆ ಅದನ್ನು ತೆರೆದು ನೋಡಿ ಹೇಳಿ.